ಶೇರವಾನಿಯ ಬಲತೋಳು

ಕಾಲರಾ ಬಂದಾಗ ಔರಾದಿನ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸುವ ಕೆಲಸವನ್ನು ಕಚೇರಿಯವರು ಗುಮಾಸ್ತನಾದ ನನ್ನ ತಲೆಗೇ ಕಟ್ಟಿದರು. ಪುಡಿ ಮುಟ್ಟಲು ಊರವರು ಯಾರೂ ತಯಾರಿಲ್ಲ. ಸಿಟ್ಟಿಗೆದ್ದು ನಾನೇ ಬಕೀಟಿನಲ್ಲಿ ಕಲಸಿದೆ, ಮೈಮೇಲೆ ಕರಿ ಶೇರವಾನಿ ಇದೆ ಎನ್ನುವುದನ್ನೇ ಮರೆತು. ಸಂಜೆ ನೋಡಿದರೆ ಬಲತೋಳಿನ ತುದಿಯಲ್ಲಿ ಕರಿ ಹೋಗಿ ಇಟ್ಟಂಗಿಯ ಬಣ್ಣ!

ಇದ್ದದ್ದು ಅದೊಂದೇ ಶೇರವಾನಿ. ಅದಿಲ್ಲದೆ ಜಿಲ್ಲೆಗೇ ದೊಡ್ಡ ಅಧಿಕಾರಿಯಾದ ಬೀದರಿನ ತಾಲೂಕದಾರ ಸಾಹೇಬರ ಮುಂದೆ ನಿಲ್ಲುವಂತಿಲ್ಲ. ಇನ್ನು ಮೂರೇ ದಿನಕ್ಕೆ ನನ್ನ ವರ್ಗಾವಣೆಯ ಅರ್ಜಿ ಅವರ ಮುಂದೆ ಬರುವುದಿತ್ತು. ಹೆಂಡತಿ ವಿಮಲಾಬಾಯಿಗೆ ಆರು ತಿಂಗಳು. ಎರಡು ಕೂಸುಗಳು ಔರಾದಿನಲ್ಲೇ ಹುಟ್ಟಿ ಔರಾದಿನಲ್ಲೇ ಹೋಗಿದ್ದವು. ಈ ಸಲ ಬೀದರಿನ ಮಿಶನ್ ದವಾಖಾನೆಯ ಹತ್ತಿರ ಇರಲೇಬೇಕೆಂದು ನನ್ನ ಹಟ.

ತೊಳೆದೆ, ಕಲೆ ಇನ್ನೂ ಢಾಳಾಗಿ ಕಂಡಿತು. ದರ್ಜಿ ನಿಜಾಮೋದ್ದೀನ ತೋಳು ತಿರುವಿ ನೋಡಿ, "ಇದು ಹತ್ತಿದ ಕಲಿ ಅಲ್ರಿ, ಬಣ್ಣಾನೇ ಹೋಗ್ಯಾದ. ಏನಂತ ತೊಳಿತೀರಿ?" ಎಂದ. ಶಾಯಿ ಹಚ್ಚಿದರೆ ನೀಲಿಯಾಗಿ ಕುಳಿತಿತು. ಅಳುವಷ್ಟು ರೇಗಿತು ನನಗೆ.

ಕಡೆಗೆ ವಿಮಲಾಬಾಯಿ, ಹುಟ್ಟುವ ಕೂಸಿಗೆಂದು ಮಾಡಿಟ್ಟಿದ್ದ ಕಾಡಿಗೆಯನ್ನೆಲ್ಲ ತೆಗೆದು ಆ ತೋಳಿಗೆ ತಿಕ್ಕಿದಳು.

"ತೋಳು ಎಲ್ಲೀ ತಾಕಸಬ್ಯಾಡ್ರಿ," ಎಂದಳು.

ಮೂರನೆಯ ದಿನ ಬೀದರಿನಲ್ಲಿ ಸಾಹೇಬರ ಮುಂದೆ ಬಗ್ಗಿ ಸಲಾಮು ಮಾಡಿದೆ. ಸಲಾಮಿನ ಕೈ ಹಣೆಗೆ ಹೋಗದೆ ಇರುತ್ತದೆಯೇ? ತೋಳಿನ ಕಾಡಿಗೆ ಹಣೆಯ ವಿಭೂತಿಗೆ ಬಳಿದುಕೊಂಡಿತು. ಸಾಹೇಬರು ನಕ್ಕು, ಇದೇನೆಂದು ಕೇಳಿದರು. ತಲೆಕೆಟ್ಟಿದ್ದ ನಾನು ಬಾವಿ, ಪುಡಿ, ತೋಳು ಎಲ್ಲ ಒದರಿಬಿಟ್ಟೆ. ಅವರಿಗೆ ಬಹಳ ಖುಷಿಯಾಯಿತು. ಔರಾದಿಗೆ ಇಂಥವನೇ ಬೇಕು ಎನ್ನುತ್ತ ಅರ್ಜಿಯ ಮೇಲೆ ಅಡ್ಡಗೆರೆ ಎಳೆದರು. ಹೆಂಡತಿಯ ಬಸುರಿನ ಮಾತು ನನ್ನ ಬಾಯಲ್ಲೇ ಉಳಿಯಿತು.

ಬಂಡಿಯಲ್ಲಿ ಬರುವಾಗ ಹಣೆ ಒರೆಸಿಕೊಳ್ಳುವುದೂ ನೆನಪಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ವಿಮಲಾಬಾಯಿ ಮೊದಲು ತೋಳನ್ನೇ ನೋಡಿದಳು.

"ಯಾರಿಗೂ ಕಾಣಲಿಲ್ಲಲ್ರಿ?"

"ಯಾರಿಗೂ ಕಾಣಲಿಲ್ಲ."

"ಬದ್ಲಿ ಅರ್ಜಿ ಏನಾಯ್ತರಿ?"

ನಾನು ಕಟ್ಟೆಯ ಮೇಲೆ ಕುಳಿತೆ. ಆಕೆ ಸೆರಗಿನಿಂದ ನನ್ನ ಹಣೆ ಒರೆಸಿದಳು. ಸೆರಗಿಗೆ ಹತ್ತಿದ ಕರಿಯನ್ನು ನೋಡಿದಳು.

"ಕೂಸಿಗಿ ಮತ್ತ ಕಾಡಿಗಿ ಮಾಡ್ಲೇನ್ರಿ?" ಎಂದು ಕೇಳಿದಳು.