ವ್ಯಾನಿನ ಕರೆಂಟ್ ಪಟ್ಟಿ

ಭಾವನ ತಲೆಗೆ ಹುಳ ಹೊಕ್ಕಿತೆಂದರೆ ಮುಗಿಯಿತು. ಹಳೆಯ ವ್ಯಾನನ್ನು ಓಡಾಡುವ ಮನೆ ಮಾಡಹೊರಟರು. ವೈರಿಂಗ್ ನನ್ನ ಕೊರಳಿಗೆ ಬಿತ್ತು. ಎಷ್ಟು ದೊಡ್ಡ ಬ್ಯಾಟರಿ ಬೇಕೆಂದು ಲೆಕ್ಕ ಹಾಕಲು ಪಟ್ಟಿ ಕೇಳಿದೆ. ಫ್ರಿಜ್, ಫ್ಯಾನ್, ನಾಲ್ಕು ದೀಪ, ಗಡ್ಡದ ಟ್ರಿಮ್ಮರನ್ನೂ ಬಿಡದೆ ಬರೆದಿದ್ದರು.

"ಅಕ್ಕನ ಆಕ್ಸಿಜನ್ ಮೆಷಿನ್ನೇ ಬಿಟ್ಟಿದ್ದೀರಲ್ಲ ಭಾವ? ಎಲ್ಲಕ್ಕಿಂತ ಜಾಸ್ತಿ ಕರೆಂಟ್ ತಿನ್ನೋದೇ ಅದು."

"ಅದು ಬೇಡ ಬಿಡು," ಎಂದರು ಭಾವ, ಟೇಪಿನ ಅಳತೆ ಓದುತ್ತಲೇ. "ವ್ಯಾನ್ ರೆಡಿಯಾಗೋಕೇ ಆರು ತಿಂಗಳು ಬೇಕು. ಡಾಕ್ಟ್ರು ಹೇಳಿರೋದು ಮೂರು."

ಟೇಪಿನ ಇನ್ನೊಂದು ತುದಿ ಹಿಡಿದು ವ್ಯಾನಿನೊಳಗೆ ಕೂತಿದ್ದವಳು ಅಕ್ಕ. ಮನೆಯಿಂದ ಎಳೆದ ವೈರಿನಲ್ಲಿ ಅವಳ ಮೆಷಿನ್ ಗುಂಯ್‌ಗುಡುತ್ತಿತ್ತು. ಮೂಗಿನ ನಳಿಕೆ ಸರಿಮಾಡಿಕೊಂಡು ಕೇಳಿದಳು:

"ಅಳತೆ ಆಯ್ತಾ ನಿಮ್ದು? ಬಿಟ್ಬಿಡ್ಲಾ?"