ನೋಡಿ ಕಲಿತ ಕೈ

ಹೆರಿಗೆ ವಾರ್ಡಿನಲ್ಲಿ ಎಲ್ಲರೂ ಅವರನ್ನು ದೊಡ್ಡ ಡಾಕ್ಟರಮ್ಮ ಅಂತಲೇ ಕರೆಯುತ್ತಿದ್ದರು. ಕೆಲಸ ಕಲಿಯಲು ಬಂದ ಎಳೆಯ ಡಾಕ್ಟರುಗಳಿಗೆ ಅವರೆಂದರೆ ಹೆದರಿಕೆಯೂ ಹೌದು, ಧೈರ್ಯವೂ ಹೌದು. ಆಪರೇಷನ್ ಮೇಜಿನ ಎದುರಿಗೆ ನಿಂತು, ಚಾಕುವನ್ನು ಕಲಿಯುವವರ ಕೈಗೇ ಕೊಟ್ಟು, "ನಡುಗಿದ್ರೆ ನಡುಗಲಿ, ನಾನಿದ್ದೀನಲ್ಲ" ಅನ್ನುವುದು ಅವರ ರೂಢಿ. ಬೇಗ ಮುಗಿಯುವ ಕೆಲಸ ಎಷ್ಟು ಹೊತ್ತು ಎಳೆದರೂ ಮುಖ ಸಿಂಡರಿಸಿದವರಲ್ಲ.

ಆಮೇಲೆ ಸರಕಾರ ಡಾಕ್ಟರುಗಳ ಸಂಬಳದ ಪದ್ಧತಿಯನ್ನೇ ಬದಲಿಸಿತು. ಕೂತು ಉಣ್ಣುವವರಿಗೆ ಬಿಸಿ ಮುಟ್ಟಿಸಲು ಹೊರಟ ನಿಯಮ, ಉದ್ದೇಶವೇನೋ ಕೆಟ್ಟದ್ದಲ್ಲ. ಸಂಬಳ ಅರ್ಧಕ್ಕಿಳಿಯಿತು, ಉಳಿದದ್ದು ಅವರವರ ಕೈಯಿಂದಾದ ಆಪರೇಷನ್‌ಗಳ ಮೇಲೆ. ಕಲಿಸುವ ಕೆಲಸ ಅದರಲ್ಲಿ ಎಲ್ಲೂ ಇರಲಿಲ್ಲ. ಸಾಲದ್ದಕ್ಕೆ ಸಣ್ಣ ಊರಿನ ಆಸ್ಪತ್ರೆಗಳಿಗೆ ಬೇಗ ಡಾಕ್ಟರುಗಳು ಸಿಗಲೆಂದು ಕಲಿಕೆಯ ಅವಧಿಯನ್ನೂ ಒಂದು ವರ್ಷ ಕತ್ತರಿಸಿದರು.

"ಪಾಠ ಹೇಳಿದ್ರೆ ಪುಣ್ಯ ಬರುತ್ತೆ ಕಣೇ, ಸಂಬಳ ಬರಲ್ಲ" ಎಂದು ನಿವೃತ್ತ ಮೇಷ್ಟ್ರಾದ ಗಂಡ ನಕ್ಕರು. ಡಾಕ್ಟರಮ್ಮನೂ ನಕ್ಕರು. ಆದರೆ ಆಸ್ಪತ್ರೆಯ ಮುಖ್ಯಸ್ಥರು ನಗಲಿಲ್ಲ. "ನೀವು ಒಂದು ಮುಗಿಸೋ ಹೊತ್ತಿಗೆ ಪಕ್ಕದ ಮೇಜಲ್ಲಿ ಮೂರು ಮುಗಿದಿರುತ್ತೆ ಮೇಡಂ. ಹೊರಗೆ ಸಾಲು ನೋಡಿ." ಸಾಲು ಇದ್ದದ್ದೂ ಸುಳ್ಳಲ್ಲ.

ಚಾಕು ಒಂದೇ ದಿನಕ್ಕೆ ಕೈಬದಲಾಗಲಿಲ್ಲ. "ಇವತ್ತೊಂದು ದಿನ ನಾನೇ ಮಾಡ್ತೀನಿ, ನೀನು ನೋಡ್ಕೊ" ಅನ್ನುವುದು ಮೊದಮೊದಲು ಅಪರೂಪಕ್ಕೆ, ಆಮೇಲೆ ವಾರಕ್ಕೆರಡು ಸಲ, ಕೊನೆಗೆ ಅದೇ ಪಾಠವಾಯಿತು. ಕೈಗೆ ಬರುವ ಸಂಬಳ ಹೆಚ್ಚಿತು. ಅದೂ ರೂಢಿಯಾಯಿತು.

ಆಗ ಕಲಿಯಲು ಬಂದವಳು ಗುಬ್ಬಿ. ಮೇಜು ಎಟುಕದೆ ಕಾಲಡಿಗೆ ಮಣೆ ಹಾಕಿಕೊಂಡು ನಿಲ್ಲುತ್ತಿದ್ದ ಹುಡುಗಿಗೆ ನರ್ಸುಗಳು ಇಟ್ಟ ಹೆಸರದು. ಕೇಳಿದ್ದಕ್ಕೆಲ್ಲ ಅರಳು ಹುರಿದಂತೆ ಉತ್ತರ ಹೇಳುವಳು. ಒಮ್ಮೆ ಕೈ ತೊಳೆಯುತ್ತಾ ಮೆಲ್ಲಗೆ, "ಮೇಡಂ, ಇವತ್ತು ನಾನು ಮಾಡ್ಲಾ?" ಅಂದಳು.

"ಇನ್ನೂ ನಾಲ್ಕು ಜನ ಕಾಯ್ತಿದ್ದಾರೆ ಮಗಳೇ. ನಾಳೆ ನೋಡೋಣ."

ಸುಲಭದವು ಕೆಲವು ಅವಳ ಕೈಗೂ ಸಿಕ್ಕವು. ಕಷ್ಟದ್ದು ಒಂದೂ ಸಿಗಲಿಲ್ಲ. ಅವಧಿ ಮುಗಿದಾಗ, ಈಕೆ ಒಬ್ಬಳೇ ಆಪರೇಷನ್ ಮಾಡಬಲ್ಲಳೆಂದು ಡಾಕ್ಟರಮ್ಮ ಸಹಿ ಹಾಕಿದರು. ಎಲ್ಲರೂ ಹಾಕುತ್ತಿದ್ದರು. ಗುಬ್ಬಿ ಸಣ್ಣ ಊರಿನ ಆಸ್ಪತ್ರೆಯೊಂದಕ್ಕೆ ಒಬ್ಬಳೇ ಡಾಕ್ಟರಾಗಿ ಹೋದಳು.

ಫೋನು ಬಂದಾಗ ಅವರು ಊಟದ ಡಬ್ಬಿ ಬಿಚ್ಚಿದ್ದರಷ್ಟೆ. ಅಲ್ಲಿ ಫೋನು ಹಿಡಿದಿದ್ದವಳು ನರ್ಸು. ಆಪರೇಷನ್ ಮೇಜಿನಿಂದ ಕೂಗುತ್ತಿದ್ದವಳು ಗುಬ್ಬಿ. "ಮೇಡಂ, ಮಗು ಹೊರಗೆ ಬಂತು. ರಕ್ತ ನಿಲ್ತಾ ಇಲ್ಲ. ಗರ್ಭಕೋಶ ಬಿಗಿಯಾಗ್ತಾನೇ ಇಲ್ಲ."

"ಎರಡೂ ಕೈಯಲ್ಲಿ ಹಿಂಡಿ ಹಿಡಿ. ಬಿಡಬೇಡ. ಇಂಜೆಕ್ಷನ್ ಆಯ್ತಾ?"

"ಎಲ್ಲಾ ಆಯ್ತು ಮೇಡಂ."

"ಪಕ್ಕದಲ್ಲಿ ರಕ್ತನಾಳ ಇದೆಯಲ್ಲ, ಅದಕ್ಕೆ ಗಂಟು ಹಾಕು. ಬೆರಳಿಗೆ ಮಿಡಿತ ಸಿಗುತ್ತೆ ನೋಡು."

"ಯಾವುದು ಅಂತ ಗೊತ್ತಾಗ್ತಾ ಇಲ್ಲ. ನೀವು ಮಾಡೋವಾಗ ನೋಡಿದ್ದೆ ಮೇಡಂ, ಮುಟ್ಟಿ ನೋಡಿರ್ಲಿಲ್ಲ!"

ಡಾಕ್ಟರಮ್ಮ ಎದ್ದು ನಿಂತಿದ್ದರು. ಖಾಲಿ ಗಾಳಿಯಲ್ಲಿ ಅವರ ಬೆರಳುಗಳು ತಾವಾಗಿಯೇ ಗಂಟು ಹಾಕುತ್ತಿದ್ದವು. ಮಾತಿನಲ್ಲಿ ಹೇಳಲು ಬರುವುದನ್ನೆಲ್ಲ ಹೇಳಿದರು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಮಗು ಅಳುವುದು ಮಾತ್ರ ಕೇಳಿಸಿತು. ಆಮೇಲೆ ನರ್ಸು, "ತಾಯಿ ಹೋಗ್ಬಿಟ್ರು ಮೇಡಂ" ಅಂದಳು.

ಡಾಕ್ಟರಮ್ಮ ಕಾರು ಹತ್ತಿ ಆ ಊರಿಗೆ ಹೋದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಮುದುಕಿಯೊಬ್ಬಳು ಕೂಸನ್ನು ಎದೆಗವಚಿಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಗುಬ್ಬಿ ಒಳಗೆ ನಲ್ಲಿಯ ಪಕ್ಕ ನೆಲಕ್ಕೆ ಕುಸಿದಿದ್ದಳು. ಮೊಣಕೈವರೆಗೂ ರಕ್ತ ಒಣಗಿತ್ತು.

"ತಪ್ಪು ನನ್ನದು ಕಣಮ್ಮ" ಎಂದರು ಡಾಕ್ಟರಮ್ಮ.

ಗುಬ್ಬಿ ತಲೆಯೆತ್ತಲಿಲ್ಲ. "ಅದನ್ನ ಹೊರಗೆ ಕೂತಿರೋ ಅಜ್ಜಿಗೆ ಹೇಳ್ತೀರಾ ಮೇಡಂ?"

ಹೇಳಿದರು. ಮುದುಕಿ ಮಾತನ್ನೆಲ್ಲ ಕೇಳಿಸಿಕೊಂಡು, "ಇದಕ್ಕೆ ಹಾಲು ಎಲ್ಲಿ ಸಿಗುತ್ತೆ ಹೇಳು ತಾಯಿ" ಅಂದಳು.

ವಿಚಾರಣೆ ನಡೆಯಿತು. ಡಾಕ್ಟರಮ್ಮ ಹೋಗಿ, ಕಲಿಸದೆ ಸಹಿ ಹಾಕಿದವಳು ನಾನು ಎಂದು ಬಿಚ್ಚಿ ಹೇಳಿದರು. ಸಂಬಳದ ನಿಯಮವನ್ನೂ ಎತ್ತಿದರು. "ಅದು ನಮ್ಮ ವ್ಯಾಪ್ತಿಗೆ ಬರಲ್ಲ ಮೇಡಂ" ಎಂದರು ವಿಚಾರಣೆಗೆ ಕೂತವರು. ತಪ್ಪೆಲ್ಲ ಗುಬ್ಬಿಯ ತಲೆಗೇ ಬಂತು. ಎರಡು ವರ್ಷ ವೈದ್ಯ ವೃತ್ತಿ ಮಾಡುವಂತಿಲ್ಲ ಎಂದಾಯಿತು.

ಡಾಕ್ಟರಮ್ಮ ಮತ್ತೆ ಕಲಿಯುವವರ ಕೈಗೆ ಚಾಕು ಕೊಡತೊಡಗಿದರು. ಮೂರು ತಿಂಗಳು ನೋಡಿ ಮುಖ್ಯಸ್ಥರು ಅವರನ್ನು ಆಪರೇಷನ್ ಕೋಣೆಯಿಂದ ತೆಗೆದು ಹೊರರೋಗಿಗಳ ಕೋಣೆಗೆ ಹಾಕಿದರು. ಅವರು ನಿಂತರೆ ಮೇಜು ಬೇಗ ಖಾಲಿಯಾಗುವುದಿಲ್ಲವಂತೆ.

ಗುಬ್ಬಿಯ ಮನೆಗೆ ಅವರು ಒಮ್ಮೆ ಹೋದರು. ಬಾಗಿಲು ತೆರೆದವಳು ಅವಳ ತಾಯಿ. ನೀರು ಕೊಟ್ಟಳು, ಕೂರಿಸಿದಳು. "ಒಳಗೇ ಇದ್ದಾಳೆ" ಎಂದಳು, "ಬರಲ್ಲ ಅಂತಾಳೆ." ಡಾಕ್ಟರಮ್ಮ ನೀರು ಕುಡಿದು ಎದ್ದರು.