ಮಂಡಿ ಸವೆಯದ ಪ್ಯಾಂಟು

ಬೀರುವಿನಿಂದ ಇನ್ನೊಂದು ಪ್ಯಾಂಟು ಎಳೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಡಾಕ್ಟರ ಹೆಂಡತಿ ಅದನ್ನೂ ಹಾಸಿಗೆಯ ಮೇಲೆ ಎಸೆದಳು. ಮಂಡಿಯ ಹತ್ತಿರ ತೇಪೆ. ಅದರ ಹಿಂದಿನದಕ್ಕೂ ತೇಪೆ. ಅದಕ್ಕೂ ಹಿಂದಿನದಕ್ಕೆ ತೇಪೆಯ ಮೇಲೊಂದು ತೇಪೆ. ಪಕ್ಕದ ಕೋಣೆಯಲ್ಲಿ ಡಾಕ್ಟರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸೊಂಟದಿಂದ ಕೆಳಗೆ ಹೊದಿಕೆ ಹೊದ್ದು, ಯಾವ ಅವಸರವೂ ಇಲ್ಲದೆ ಮಲಗಿದ್ದರು. ನಿದ್ದೆಯಲ್ಲೇ ಹೃದಯ ನಿಂತಿತ್ತು.

"ಇಷ್ಟು ವರ್ಷ ದುಡಿದ ಮನುಷ್ಯನಿಗೆ ಮಂಡಿ ನೆಟ್ಟಗಿರೋ ಒಂದು ಪ್ಯಾಂಟು ಇಲ್ವಲ್ಲ," ಎಂದು ಆಕೆ ಕಾಂಪೌಂಡರನ ಮೇಲೆ ರೇಗಿದಳು. ಅವೆಲ್ಲ ಹರಿದದ್ದು ತನ್ನಿಂದಲೇ ಎಂಬಂತೆ ಅವನು ತಲೆ ತಗ್ಗಿಸಿದ.

ಡಾಕ್ಟರು ಸಾಕುಪ್ರಾಣಿಗಳ ಮೂಳೆಗೆ ಆಪರೇಷನ್ ಮಾಡುವವರು. ಮುರಿದ ಕಾಲಿಗೆ ಪ್ಲೇಟು, ಸ್ಕ್ರೂ ಹಾಕಿ ಕೂಡಿಸುವುದು ಅರ್ಧ ಕೆಲಸ, ಅದನ್ನು ಮತ್ತೆ ನೆಲಕ್ಕೆ ಊರಿಸುವುದು ಇನ್ನರ್ಧ ಅನ್ನುತ್ತಿದ್ದರು. ಆ ಇನ್ನರ್ಧಕ್ಕಾಗಿ ಅವರು ಕೈ ಮಂಡಿಗಳನ್ನು ನೆಲಕ್ಕೂರಿ, ನಾಯಿಯ ಪಕ್ಕದಲ್ಲಿ ತಾವೂ ಅಂಬೆಗಾಲಿಡುತ್ತಿದ್ದರು. ಆಸ್ಪತ್ರೆ ಮನೆಯ ಮುಂಭಾಗದಲ್ಲೇ ಇತ್ತು. ಅಲ್ಲಿ ಜಾಗ ಸಾಲದೆ ಮೆರವಣಿಗೆ ಮನೆಯ ಹಜಾರಕ್ಕೇ ಬರುತ್ತಿತ್ತು. ಮನೆಯ ಮಾನ ದಿನವೂ ಕಣ್ಣೆದುರು ತೆವಳುವುದನ್ನು ನೋಡಿ ಆಕೆ ರೋಸಿಹೋಗಿದ್ದಳು.

ಇವತ್ತಾದರೂ ಅವರನ್ನು ಮನುಷ್ಯರ ಹಾಗೆ ಕಳಿಸಿಕೊಡಬೇಕು, ಅದೂ ತನ್ನ ಅಣ್ಣನ ಎದುರು ಎನ್ನುವುದು ಆಕೆಯ ಹಟ. ಅಣ್ಣ ನಿವೃತ್ತ ಜಡ್ಜ್. ಗೇಟಿನೊಳಗೆ ಒಂದೇ ಒಂದು ಪ್ರಾಣಿ ಕಾಲಿಡಕೂಡದೆಂದು ಆಕೆ ಕಾಂಪೌಂಡರನಿಗೆ ಕಟ್ಟಪ್ಪಣೆ ಮಾಡಿದ್ದಳು. ಹಾಗಾಗಿ ಡಾಕ್ಟರಿಗೆ ಹೂವು ತಂದವರೆಲ್ಲ ತಮ್ಮ ನಾಯಿ ಬೆಕ್ಕುಗಳೊಂದಿಗೆ ಬೀದಿಯಲ್ಲೇ ಸಾಲಾಗಿ ನಿಂತಿದ್ದರು. ಒಬ್ಬಾಕೆ ಅಭ್ಯಾಸಬಲದಿಂದ ಎಕ್ಸ್‌ರೇ ಕೂಡ ತಂದಿದ್ದಳು.

ಪ್ಯಾಂಟಿನ ಕಷ್ಟ ಕೇಳಿದ ಜಡ್ಜರು ಕಾರಿನಲ್ಲಿದ್ದ ತಮ್ಮದೊಂದು ಕಪ್ಪು ಪ್ಯಾಂಟನ್ನು ತರಿಸಿಕೊಟ್ಟರು. ತೊಡಿಸಿ ನೋಡಿದರೆ ಜಡ್ಜರ ಎತ್ತರವೇ ಬೇರೆ, ಡಾಕ್ಟರ ಎತ್ತರವೇ ಬೇರೆ. ಪಾದ ಎರಡೂ ಮಾಯ. ಮೂಲೆಯಂಗಡಿಯ ಟೈಲರಿಗೆ ಹೇಳಿಕಳಿಸಿದರು. ಅವನು ಬಂದ, ಹಿಂದೆಯೇ ಅವನ ಕಂದು ನಾಯಿಯೂ ಮೂರು ಕಾಲಲ್ಲಿ ಕುಪ್ಪಳಿಸುತ್ತ ಬಂತು. ನಾಯಿಯನ್ನು ತಡೆದರೆ ಟೈಲರ್ ಒಳಗೆ ಬರಲೊಲ್ಲ, ಟೈಲರ್ ಬರದಿದ್ದರೆ ಪ್ಯಾಂಟು ಗಿಡ್ಡವಾಗದು. ಕಾಂಪೌಂಡರ್ ಗೋಡೆ ನೋಡುತ್ತ ಗೇಟು ತೆರೆದ.

ಟೈಲರ್ ಡಾಕ್ಟರ ಕಾಲ ಬಳಿ ಕೂತು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅಂಚು ಮಡಚಿದ. ಇಷ್ಟು ವರ್ಷ ಮಂಡಿಗೆ ತೇಪೆ ಹಾಕಿದವನು ಅವರ ಕಾಲಿನ ಉದ್ದ ಅಳೆದದ್ದು ಅದೇ ಮೊದಲು.

"ಇಷ್ಟು ಸಾಕಾ ಸಾರ್, ಇನ್ನೂ ಸ್ವಲ್ಪ ಮೇಲೆ ತಗೊಳ್ಳಲಾ?" ಎಂದು ಕೇಳಿ, ಉತ್ತರಕ್ಕಾಗಿ ಮುಖ ಎತ್ತಿದ. ಡಾಕ್ಟರ ಬದಲು ಜಡ್ಜರೇ ಬಗ್ಗಿ ನೋಡಿ, "ಸಾಕು," ಅಂದರು.

*

ಜಡ್ಜರು ಜಡ್ಜರಾದ ಹೊಸತರಲ್ಲಿ ಇನ್ನಿಬ್ಬರು ಜಡ್ಜರನ್ನು ಕರೆದುಕೊಂಡು ತಂಗಿಯ ಮನೆಗೆ ಊಟಕ್ಕೆ ಬಂದಿದ್ದರು. ಆಕೆ ಎರಡು ದಿನದಿಂದ ಮನೆ ಒರೆಸಿದ್ದಳು. ಮೂವರೂ ಗಂಭೀರವಾಗಿ ಕೂತು ಯಾವುದೋ ತೀರ್ಪಿನ ಮಾತಾಡುತ್ತಿದ್ದಾಗ ಬಾಗಿಲ ಪರದೆ ಸರಿಯಿತು. ಮೊದಲು ಒಂದು ಬೆಕ್ಕು, ಅದರ ಪಕ್ಕದಲ್ಲಿ ಅಂಬೆಗಾಲಿಡುತ್ತ ಮನೆಯ ಯಜಮಾನರು. ಅವರು ತಲೆಯೆತ್ತಿ ಎಲ್ಲರಿಗೂ ನಕ್ಕು, ನಿಮ್ಮ ಕಾಲು ಸ್ವಲ್ಪ ಆ ಕಡೆ ಇಟ್ಟುಕೊಳ್ಳಿ ಎಂದು ವಿನಯವಾಗಿ ಕೇಳಿಕೊಂಡು, ಮೂವರು ಜಡ್ಜರ ಕಾಲುಗಳ ನಡುವೆಯೇ ಬೆಕ್ಕನ್ನು ದಾಟಿಸಿಕೊಂಡು ಹೋದರು.

ಅತಿಥಿಗಳು ಹೋದ ಮೇಲೆ ಆಕೆ ಅತ್ತಳು. ನಿಂತುಕೊಂಡು ನಡೆಸಿದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೇಳಿದಳು.

"ನಿಂತ್ರೆ ನಾವು ಬೇಗ ಹೋಗ್ತೀವಿ ಕಣೆ. ಬೇಗ ಹೋಗಕ್ಕೆ ಅದಕ್ಕೆ ಮೂರು ಕಾಲೇ ಸಾಕು, ಕುಪ್ಪಳಿಸಿಬಿಡುತ್ತೆ. ಮಂಡಿ ಊರಿದ್ರೆ ಬೇಕು ಅಂದ್ರೂ ಬೇಗ ಹೋಗಕ್ಕಾಗಲ್ಲ. ನಿಧಾನ ಆದಾಗ್ಲೇ ಅದಕ್ಕೆ ನಾಲ್ಕನೇ ಕಾಲು ನೆನಪಾಗೋದು."

"ನಮ್ಮಣ್ಣನ ಮುಂದೆ ಇನ್ನೊಂದು ಸಲ ನೀವು ಮಂಡಿ ಊರಿದ್ರೆ ನಾನು ಈ ಮನೇಲಿರಲ್ಲ ರೀ."

ಡಾಕ್ಟರು ಆ ಮಾತನ್ನು ಕೊನೆತನಕ ನಡೆಸಿಕೊಟ್ಟರು. ಭಾವಮೈದುನನ ಕಾರಿನ ಸದ್ದು ಕೇಳಿದ್ದೇ ತಡ, ಧೂಳು ಕೊಡವಿಕೊಂಡು ಕುರ್ಚಿ ಏರಿ, ತೇಪೆ ಕಾಣದಂತೆ ಮಂಡಿಯ ಮೇಲೆ ಪೇಪರು ಹರಡಿಕೊಂಡು ಕೂತುಬಿಡುತ್ತಿದ್ದರು. ಕಾರು ಹೊರಟ ಮೇಲೆ ಮತ್ತೆ ಯಥಾಪ್ರಕಾರ.

*

ಶವದ ಗಾಡಿ ಬಂದು ನಿಂತಿತು. ಹೊಲಿಗೆ ಮುಗಿಸಿದ ಟೈಲರ್ ಮಾತ್ರ ಹೋಗದೆ ಬಾಗಿಲಲ್ಲಿ ಟೇಪು ಸುತ್ತುತ್ತ, ಬಿಚ್ಚುತ್ತ ನಿಂತಿದ್ದ. ಏನೆಂದು ಆಕೆಯೇ ಕೇಳಬೇಕಾಯಿತು.

"ಹೇಳೋ ಹೊತ್ತಲ್ಲ ಅಮ್ಮಾ. ಇವತ್ತು ಡಾಕ್ಟ್ರು ಇದನ್ನ ನಡೆಸ್ತೀನಿ ಅಂದಿದ್ರು. ಮೂಳೆ ಕೂಡಿದೆಯಂತೆ. ಇನ್ನೂ ಬಿಟ್ರೆ ಮೂರು ಕಾಲೇ ರೂಢಿಯಾಗಿ, ಆ ಕಾಲು ಒಣಗಿಹೋಗುತ್ತೆ ಅಂದಿದ್ರು."

ನಾಯಿ ಹಿಂದಿನ ಬಲಗಾಲನ್ನು ಹೊಟ್ಟೆಗೆ ಅವಚಿಕೊಂಡು ಡಾಕ್ಟರ ಮಂಚದ ಕೆಳಗೆ ಕೂತಿತ್ತು. ಕಾಂಪೌಂಡರ್ ಮುಂದೆ ಬಂದು ಹಗ್ಗ ಹಿಡಿದು ನಡೆಸಿದ. ಅದು ಟಣಟಣನೆ ಕುಪ್ಪಳಿಸಿ ಅವನನ್ನೇ ಎಳೆದುಕೊಂಡು ಹೋಯಿತು. ಬಗ್ಗೋಣವೆಂದರೆ ಅವನ ಹೊಟ್ಟೆ ಒಪ್ಪಲಿಲ್ಲ. ಟೈಲರ್ ಮಂಡಿಯೂರಿ ನೋಡಿದ. ಯಜಮಾನ ಆಟಕ್ಕೆ ಕರೆದನೆಂದು ನಾಯಿ ಅವನ ಮುಖವನ್ನೆಲ್ಲ ನೆಕ್ಕಿತು. ಬೇರೆ ಯಾರಾದರೂ ಡಾಕ್ಟರಿಗೆ ಆಮೇಲೆ ತೋರಿಸಿದರಾಯಿತು, ಸ್ಮಶಾನದವರು ಕೊಟ್ಟ ಹೊತ್ತು ಮೀರುತ್ತದೆ ಎಂದು ಜಡ್ಜರು ಗಡಿಯಾರ ನೋಡಿಕೊಂಡರು.

ಆಕೆ ಮಂಚದ ಕಡೆ ನೋಡಿದಳು. ಮಂಡಿ ಸವೆಯದ ಪ್ಯಾಂಟಿನಲ್ಲಿ ಗಂಡ ಎಷ್ಟು ಲಕ್ಷಣವಾಗಿದ್ದರೆಂದರೆ ಯಾರದೋ ಮನೆಯ ಹೆಣದ ಹಾಗೆ ಕಂಡರು. ಬೆಳಗಿನಿಂದ ಬರದ ಅಳು ಈಗ ಒತ್ತರಿಸಿಕೊಂಡು ಬಂತು. ಅದರ ಜೊತೆಗೆ, ಇದನ್ನೂ ನನ್ನ ತಲೆಗೇ ಕಟ್ಟಿ ಹೋದರಲ್ಲ ಎಂಬ ಸಿಟ್ಟೂ ಬಂತು. ಆಕೆ ಟೈಲರನ ಕೈಯಿಂದ ಹಗ್ಗ ತೆಗೆದುಕೊಂಡಳು. ತನ್ನ ಇಸ್ತ್ರಿ ಮುರಿಯದ ಕಡುನೀಲಿ ಸೀರೆಯನ್ನು ಒಂದು ಸಲ ನೋಡಿಕೊಂಡು, ಅಣ್ಣನ ಮುಂದೆಯೇ ನೆಲಕ್ಕೆ ಮಂಡಿಯೂರಿದಳು.

"ಏನಮ್ಮ ಇದು?" ಅಂದರು ಜಡ್ಜರು.

"ಕಾಲು ಸ್ವಲ್ಪ ಆ ಕಡೆ ಇಟ್ಕೋ ಅಣ್ಣ."

ನಾಯಿ ಆಕೆಯ ಪಕ್ಕಕ್ಕೆ ಬಂತು. ಆಕೆಗೆ ಅಭ್ಯಾಸವಿರಲಿಲ್ಲ, ಒಂದು ಮಂಡಿ ಸರಿಸಿದರೆ ಇನ್ನೊಂದು ಬಟ್ಟೆಯನ್ನೇ ತುಳಿದು ಹಿಡಿಯುತ್ತಿತ್ತು. ಮುಗ್ಗರಿಸುತ್ತ, ಮೂಗೊರೆಸಿಕೊಳ್ಳುತ್ತ ಹಜಾರ ದಾಟಿದಳು. ನಾಯಿಗೆ ಅವಸರ ಮಾಡಲು ದಾರಿಯೇ ಇರಲಿಲ್ಲ. ಡಾಕ್ಟರನ್ನು ಹೊತ್ತುಕೊಂಡವರು ಮುಂದೆ ಹೋಗಲಾರದೆ ಹಿಂದೆ ನಿಂತು ನಿಂತು ಬಂದರು. ಬಾಗಿಲ ಹತ್ತಿರ ಆ ಕಾಲು ಹೊಟ್ಟೆಯಿಂದ ಇಳಿಯಿತು, ನೆಲ ಮುಟ್ಟಿ ಮತ್ತೆ ಮೇಲೆದ್ದಿತು. ಅಂಗಳದಲ್ಲಿ ಇನ್ನೊಮ್ಮೆ ಇಳಿಯಿತು, ಈ ಸಲ ಭಾರ ಹೊತ್ತು ನಿಂತಿತು. ಟೈಲರ್ ಹೋ ಎಂದು ಅತ್ತ. ಗೇಟಿನ ಹೊರಗಿನ ನಾಯಿಗಳಿಗೆ ಏನನ್ನಿಸಿತೋ, ಒಟ್ಟಿಗೆ ಬೊಗಳಿದವು.

ಆಕೆ ಗೇಟಿನ ಕಂಬ ಹಿಡಿದು ಎದ್ದಳು. "ಇವತ್ತಿಗೆ ಇಷ್ಟು ಸಾಕು," ಎಂದು ಟೈಲರಿಗೆ ಹೇಳಿ, ಅವನನ್ನೂ ನಾಯಿಯನ್ನೂ ಅಣ್ಣನ ಕಾರಿಗೆ ಹತ್ತಿಸಿದಳು.

ಕಾರಿನಲ್ಲಿ ಜಡ್ಜರು ತಂಗಿಯ ಮಂಡಿಗಳನ್ನೇ ನೋಡುತ್ತಿದ್ದರು. ಕಡುನೀಲಿ ಬಟ್ಟೆಯ ಮೇಲೆ ಎರಡು ದುಂಡನೆಯ ಧೂಳಿನ ಗುರುತು. ಅವರು ಸೀಟಿನ ಮೇಲಿದ್ದ ಪೇಪರನ್ನು ಆಕೆಯ ಕಡೆ ಚಾಚಿದರು.

"ಮುಚ್ಕೋಮ್ಮ. ಅವರೂ ಹೀಗೇ ಮುಚ್ಕೊಳ್ತಿದ್ರು."

"ನಿಂಗೆ ಗೊತ್ತಿತ್ತಾ?"

"ಯಾವಾಗ ಬಂದ್ರೂ ಪೇಪರು ತಲೆಕೆಳಗಾಗಿರ್ತಿತ್ತು."

ಆಕೆ ಪೇಪರನ್ನು ತೆಗೆದುಕೊಂಡು, ಬಗ್ಗಿ, ತನ್ನ ಕಾಲ ಬಳಿ ನಾಯಿಗೆ ಹಾಸಿದಳು. ಗಾಡಿಯ ಹಿಂದೆ ಕಾರು ಮೆಲ್ಲಗೆ ಹೊರಟಿತು. ನಾಯಿ ಪೇಪರನ್ನು ಮೂಸಿ ನೋಡಿ, ಅದರ ಮೇಲೆ ನಾಲ್ಕೂ ಕಾಲು ಊರಿ ನಿಂತಿತು.